144 ಮೈಲಿ ಹಾರಲು ಒಂದು ಗಂಟೆ ಯಾಕೆ?

ಹುಬ್ಬಳ್ಳಿ ವಿಮಾನ ನಿಲ್ದಾಣ ಇರುವುದು ಉತ್ತರ ಅಕ್ಷಾಂಶ 15 ಡಿಗ್ರಿ 22 ನಿಮಿಷದ ಆಸುಪಾಸಿನಲ್ಲಿ. ಮಂಗಳೂರಿನ ಬಜ್ಪೆ 12 ಡಿಗ್ರಿ 58 ನಿಮಿಷದಲ್ಲಿ. ರೇಖಾಂಶದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ್ದರಿಂದ ದೂರ ತಿಳಿಯಲು ಬರೀ ಕಳೆಯುವ ಲೆಕ್ಕ ಸಾಕು. ಅಕ್ಷಾಂಶದ ಒಂದು ನಿಮಿಷವೆಂದರೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ಇಲ್ಲಿನ ವ್ಯತ್ಯಾಸ 144 ನಿಮಿಷ. ಹಾಗಾಗಿ ದೂರ ಸುಮಾರು 267 ಕಿ.ಮೀ. ಪ್ರಾದೇಶಿಕ ಮಾರ್ಗಗಳಲ್ಲಿ ಓಡಾಡುವ ಪ್ರೊಪೆಲ್ಲರ್ ವಿಮಾನ ಎಟಿಆರ್ 72ರ ವೇಗ ಗಂಟೆಗೆ 500 ಕಿ.ಮೀ. ಎಂದುಕೊಂಡರೆ 32 ನಿಮಿಷದಲ್ಲಿ ತಲುಪಬೇಕು. ಆದರೆ ಇಷ್ಟು ದೂರದ ಹಾರಾಟಕ್ಕೆ ವೇಳಾಪಟ್ಟಿಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಕೊಟ್ಟಿರುತ್ತಾರೆ. ಭಾಗಾಕಾರ ಇಲ್ಲಿ ಕೈಕೊಡುವುದಕ್ಕೆ ಕಾರಣವಿದೆ: ಸಣ್ಣ ಮಾರ್ಗದಲ್ಲಿ ಸಮಯ ಕರಗುವುದು ನಡುವಿನ ದೂರದಲ್ಲಿ ಅಲ್ಲ, ಎರಡು ತುದಿಗಳಲ್ಲಿ.

ರನ್‌ವೇ ಮೇಲೆ ಬಳಿದಿರುವ ಅಂಕಿಗಳನ್ನೇ ನೋಡಿ. ಬಜ್ಪೆಯ ದೊಡ್ಡ ರನ್‌ವೇಯ ಒಂದು ತುದಿಯಲ್ಲಿ 24 ಎಂದಿದೆ. ಅದಕ್ಕೊಂದು ಸೊನ್ನೆ ಸೇರಿಸಿದರೆ ದಿಕ್ಸೂಚಿಯ 240 ಡಿಗ್ರಿ, ಅಂದರೆ ನೈಋತ್ಯ. ಹುಬ್ಬಳ್ಳಿಯಲ್ಲಿ 08 ಮತ್ತು 26, ಸರಿಸುಮಾರು ಪೂರ್ವ ಪಶ್ಚಿಮ. ಹೋಗಬೇಕಾದದ್ದು ದಕ್ಷಿಣಕ್ಕೆ! ಹಾಗಾಗಿ ಏರಿದ ವಿಮಾನ ಮೊದಲು ತಿರುಗಬೇಕು, ಇಳಿಯುವ ಮುನ್ನ ಇನ್ನೊಮ್ಮೆ ಸುತ್ತಿ ರನ್‌ವೇಗೆ ಸಾಲುಗೂಡಬೇಕು. ಏರುವಾಗ ವೇಗ ಕಡಿಮೆ. ಇಳಿಯುವಾಗ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ ಎಂಬುದು ಪೈಲಟ್‌ಗಳ ಬಾಯಿಲೆಕ್ಕ. 16,000 ಅಡಿಯಿಂದ ಇಳಿಯಲು 48 ಮೈಲಿ, ಅಂದರೆ ದಾರಿಯ ಮೂರನೇ ಒಂದು ಭಾಗ ಬೇಕು. ಇದರ ಜೊತೆಗೆ ನಿಂತಲ್ಲಿಂದ ರನ್‌ವೇವರೆಗೆ, ಮತ್ತೆ ರನ್‌ವೇಯಿಂದ ನಿಲ್ಲುವ ಜಾಗದವರೆಗೆ ನೆಲದ ಮೇಲಿನ ಓಟ. ವೇಳಾಪಟ್ಟಿಯ ಗಡಿಯಾರ ಅದನ್ನೂ ಎಣಿಸುತ್ತದೆ.

ಹಾಗಾದರೆ ಗಂಟೆಗೆ 830 ಕಿ.ಮೀ. ಹಾರುವ ಜೆಟ್ ಬಿಟ್ಟರಾಗದೇ ಎಂದು ಕೇಳಬಹುದು. ಆ ವೇಗ ಸಿಗುವುದು 35,000 ಅಡಿಯ ಆಸುಪಾಸಿನಲ್ಲಿ. ಅಲ್ಲಿಂದ ಇಳಿಯಲು, ಅದೇ ಬಾಯಿಲೆಕ್ಕದ ಪ್ರಕಾರ, 105 ನಾಟಿಕಲ್ ಮೈಲಿ ಬೇಕು. ಏರಲು ಹೆಚ್ಚುಕಡಿಮೆ ಅಷ್ಟೇ. ಎರಡೂ ಕೂಡಿದರೆ 144 ಮೈಲಿಯ ದಾರಿಯೇ ಸಾಲದು! ಜೆಟ್ ಅರ್ಧ ಎತ್ತರಕ್ಕೇ ತೃಪ್ತಿಪಟ್ಟು ಇಳಿಯತೊಡಗಬೇಕು. ಮೇಲಾಗಿ 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಸುಮಾರು 460 ಕಿ.ಮೀ. ವೇಗದ ಮಿತಿಯಿದೆ. ಹೀಗೆ ಉಳಿಯುವುದು ಕೆಲವೇ ನಿಮಿಷ. ಅದಕ್ಕಾಗಿ ಸುಡುವ ಇಂಧನ ಬಹಳ ಹೆಚ್ಚು. ಈ ದೂರಕ್ಕೆ ಪ್ರೊಪೆಲ್ಲರ್ ವಿಮಾನವೇ ಸರಿ. ಅದನ್ನು ಹಳೇ ಕಾಲದ್ದೆಂದು ಮೂಗು ಮುರಿಯುವುದು ತಪ್ಪು.

ತಡವಾದರೂ ಹೊತ್ತಿಗೆ ಸರಿಯಾಗಿ ಬಂದೆವು ಎನಿಸಿಕೊಳ್ಳಲು ಕಂಪನಿಗಳು ವೇಳಾಪಟ್ಟಿಗೆ ಒಂದಿಷ್ಟು ನಿಮಿಷ ಸೇರಿಸುತ್ತವೆ ಎಂಬ ಆಕ್ಷೇಪವೂ ಇದೆ. ನಿಜ, ಆದರೆ ಮೇಲಿನ ಲೆಕ್ಕದಲ್ಲಿ ಆ ನಿಮಿಷಗಳು ಇಲ್ಲವೇ ಇಲ್ಲ. ನಿಲ್ದಾಣಕ್ಕೆ ಗಂಟೆ ಮೊದಲೇ ಹೋಗಬೇಕಾದ್ದರಿಂದ ಕಾರೇ ಮೇಲು ಎನ್ನುವವರ ಮಾತಿನಲ್ಲಿ ಇನ್ನೂ ತೂಕವಿದೆ. ಸಮತಟ್ಟು ಬಯಲಲ್ಲಿ 267 ಕಿ.ಮೀ. ಆಗಿದ್ದರೆ ನಾನೂ ಒಪ್ಪುತ್ತಿದ್ದೆ. ಇಲ್ಲಿ ನಡುವೆ ಸಹ್ಯಾದ್ರಿ ಇದೆ. ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲಾದಿಂದ ಕರಾವಳಿ ಹಿಡಿದರೆ ರಸ್ತೆ 350 ಕಿ.ಮೀ. ಮೀರುತ್ತದೆ, ಮಳೆಗಾಲದಲ್ಲಿ ಘಟ್ಟದ ಒಂದು ಗುಡ್ಡ ಜರಿದರೆ ಆ ದಿನದ ಲೆಕ್ಕವೆಲ್ಲ ತಲೆಕೆಳಗು.