ಗರಿ ಎಲ್ಲಿ ಹೋಯ್ತು?

ರಂಗನತಿಟ್ಟಿನಲ್ಲಿ ನಾನು ತೆಗೆದ ಚಮಚ ಕೊಕ್ಕಿನ ಹಕ್ಕಿಯ ಚಿತ್ರವನ್ನು ಮೊಬೈಲಿನಲ್ಲಿ ನೋಡಿದವರೆಲ್ಲ ‘ಸೂಪರ್’ ಎಂದಿದ್ದರು. ಆ ಉಬ್ಬಿನಲ್ಲೇ ಭಾನುವಾರ ಅದನ್ನು ನಮ್ಮ ಛಾಯಾಗ್ರಹಣ ಗುಂಪಿನ ಹಿರಿಯರೊಬ್ಬರ ಮುಂದಿಟ್ಟೆ. ಅವರು ಹೊಗಳಲಿಲ್ಲ, ಮುಖವನ್ನೂ ಸಿಂಡರಿಸಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ, ಹಕ್ಕಿಯ ಬೆನ್ನ ಮೇಲೆ ಬೆರಳಿಟ್ಟು, “ಗರಿ ಎಲ್ಲಿ ಹೋಯ್ತಪ್ಪ?” ಎಂದರು.

ನೋಡಿದರೆ ಗರಿಯೇ ಇಲ್ಲ! ಬೆನ್ನೆಲ್ಲ ಸುಣ್ಣ ಬಳಿದ ಗೋಡೆಯ ಹಾಗೆ ಬಿಳುಚಿಕೊಂಡಿತ್ತು. ಹಿಂದೆ ಕಾವೇರಿಯ ಕಪ್ಪು ನೀರು, ಮುಂದೆ ಹಾಲುಬಿಳಿ ಹಕ್ಕಿ. ಕತ್ತಲೆ ಜಾಸ್ತಿ ಕಂಡ ಕ್ಯಾಮೆರಾ ಇಡೀ ದೃಶ್ಯವನ್ನು ನಡುಬೂದು ಬಣ್ಣಕ್ಕೆ ತರಲು ಹೋಗಿ ಬೆಳಕನ್ನು ಏರಿಸಿಬಿಟ್ಟಿತ್ತು. ಬಿಳಿ ಗರಿ ಒಮ್ಮೆ ಹೀಗೆ ‘ಬರ್ನ್’ ಆದರೆ ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ವಾಪಸ್ ಬರುವುದಿಲ್ಲ. “ಎಕ್ಸ್‌ಪೋಷರ್ ಮೈನಸ್ ಒಂದಕ್ಕೆ ಇಳಿಸು. ಬಿಸಿಲೇರುವ ಮುಂಚೆ, ಮೊದಲ ದೋಣಿಗೇ ಹೋಗು” ಎಂದರು.

ಪ್ರಶ್ನೆಗಳು ಮುಗಿದಿರಲಿಲ್ಲ. “ಕ್ಯಾಮೆರಾ ಎಲ್ಲಿ ಹಿಡಿದಿದ್ದೆ?”

“ಕಣ್ಣಿಗೆ ಹಿಡಿದಿದ್ದೆ ಸರ್.”

“ಯಾರ ಕಣ್ಣಿಗೆ? ಹಕ್ಕಿ ಕೂತಿರೋದು ನೀರಿನ ಮಟ್ಟದ ಬಂಡೆ ಮೇಲೆ. ಪರದೆ ಮೇಲಕ್ಕೆ ತಿರುಗಿಸ್ಕೊಂಡು ಕ್ಯಾಮೆರಾನ ಮಡಿಲಿಗೆ ಇಳಿಸು. ಅದರ ಕಣ್ಣಿನ ಎತ್ತರದಲ್ಲಿ ತೆಗಿ. ಇನ್ನೊಂದು, ಅದರ ತಲೆಗೆ ಕೊಂಬು ಯಾವಾಗ ಮೂಡ್ತು?” ಹಿಂದಿನ ಒಣಕಡ್ಡಿಯೊಂದು ನೆತ್ತಿಯಿಂದಲೇ ಎದ್ದಂತಿತ್ತು. ದೋಣಿ ಒಂದಡಿ ಸರಿಯುವ ತನಕ ಕಾದಿದ್ದರೆ ಕಡ್ಡಿ ಪಕ್ಕಕ್ಕೆ ಹೋಗುತ್ತಿತ್ತು.

ಐದು ನಿಮಿಷದ ಮಾತು. ‘ಚೆನ್ನಾಗಿದೆ’ ಎಂದವರಿಂದ ಕಲಿಯಲು ಏನೂ ಸಿಕ್ಕಿರಲಿಲ್ಲ; ‘ಏನೂ ಸರಿಯಿಲ್ಲ’ ಎಂದಿದ್ದರೂ ಅಷ್ಟೇ. ಇವರ ಒಂದೊಂದು ಮಾತೂ ಮುಂದಿನ ಬೆಳಗ್ಗೆ ಕೈಯಲ್ಲಿ ಮಾಡಬಹುದಾದ ಕೆಲಸವಾಗಿತ್ತು.

ಬೆಂಗಳೂರಿನಲ್ಲಿ ಈ ಬಗೆಯ ಕಲಿಕೆ ಹಳೆಯದು. ಓ.ಸಿ. ಎಡ್ವರ್ಡ್ಸ್ ಅವರಿಂದ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಕಲಿತರು. 2017ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಪೆರುಮಾಳ್ ತಾವೇ ಹಲವು ಛಾಯಾಗ್ರಾಹಕರಿಗೆ ಗುರುವಾಗಿದ್ದರು. 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಕೂಟಗಳಲ್ಲೂ ಆಸಕ್ತರು ಒಟ್ಟಿಗೆ ಕೂತು ಕಲಿತದ್ದುಂಟು. ಆಗ ಒಂದು ರೀಲಿಗೆ 36 ಚಿತ್ರ. ಒತ್ತುವ ಮುಂಚೆಯೇ ಲೆಕ್ಕ ಹಾಕಬೇಕಿತ್ತು. ಈಗ ಎರಡು ಸೆಕೆಂಡಿಗೆ ಅಷ್ಟು ಮುಗಿಯುತ್ತದೆ. ಹಾಗಾಗಿ ಮೊದಲ ವಿಮರ್ಶಕ ನಾವೇ ಆಗಬೇಕು: ಕಣ್ಣಿನಲ್ಲಿ ಹೊಳಪಿಲ್ಲದ್ದು, ಕತ್ತು ಆಚೆ ತಿರುಗಿದ್ದು, ರೆಕ್ಕೆಯ ತುದಿ ಕತ್ತರಿಸಿಹೋದದ್ದು ಮನೆಯಲ್ಲೇ ಅಳಿಸಿಹೋಗಲಿ.

ಮುಂದಿನ ತಿಂಗಳು ಮತ್ತೆ ಹೋದೆ. ಬೆಳಗಿನ ಎಳೆಬಿಸಿಲಿನಲ್ಲಿ ಬಿಳಿ ಗರಿಯ ಒಂದೊಂದು ಎಳೆಯೂ ಮೂಡಿತ್ತು. ಹಿರಿಯರು ದೊಡ್ಡದು ಮಾಡಿ ನೋಡಿ, “ಈಗ ಗರಿ ಬಂತು. ಆದ್ರೆ ಕಣ್ಣ ಪೊರೆ ಮುಚ್ಚಿದೆ ನೋಡು” ಎಂದು ನಕ್ಕರು. ಹಕ್ಕಿಗಳಿಗೆ ರೆಪ್ಪೆಯ ಒಳಗೆ ಇನ್ನೊಂದು ತೆಳುಪೊರೆ ಇರುತ್ತದೆ. ಅದು ಕಣ್ಣಿನ ಮೇಲೆ ಸರಿದ ಕ್ಷಣದಲ್ಲೇ ನಾನು ಒತ್ತಿದ್ದೆ.

ಅದೇ ದಿನ ಗೆಳೆಯನೊಬ್ಬ ಪಿಕಳಾರದ ಗೂಡಿನ ಚಿತ್ರ ತಂದಿದ್ದ. ಬಾಯಿ ತೆರೆದ ಮೂರು ಮರಿಗಳು. ಬೆಳಕು, ಚೌಕಟ್ಟು, ಸ್ಪಷ್ಟತೆ ಯಾವುದರಲ್ಲೂ ಕುಂದಿಲ್ಲ. ನಾವೆಲ್ಲ ತಲೆದೂಗಿದೆವು. ಹಿರಿಯರು ಕೇಳಿದ್ದು ಇಷ್ಟೇ: “ಎಷ್ಟು ಹೊತ್ತು ಕೂತಿದ್ದೆ?”

“ಮುಕ್ಕಾಲು ಗಂಟೆ ಸರ್.”

“ಅಷ್ಟು ಹೊತ್ತೂ ತಾಯಿ ಎಲ್ಲಿತ್ತು?”

ಅವನು ತಡೆದು ಹೇಳಿದ: “ಎದುರಿನ ತಂತಿ ಮೇಲೆ. ಬಾಯಲ್ಲಿ ಹುಳ ಕಚ್ಕೊಂಡಿತ್ತು.”

ಯಾರೂ ಮಾತಾಡಲಿಲ್ಲ. ಗೂಡಿನ ಚಿತ್ರಗಳನ್ನು ಹಲವು ಸ್ಪರ್ಧೆಗಳು ಯಾಕೆ ಒಪ್ಪುವುದಿಲ್ಲವೆಂದು ಅವರು ವಿವರಿಸಲೂ ಹೋಗಲಿಲ್ಲ. ಮರಿಗಳ ತೆರೆದ ಬಾಯಿ ಪರದೆಯ ಮೇಲೆ ಹಾಗೇ ಇತ್ತು. ಗೆಳೆಯ ಕೈಚಾಚಿ ಲ್ಯಾಪ್‌ಟಾಪ್ ಮುಚ್ಚಿದ.