ಕ್ಯಾನ್ಸರ್ ಪೀಡಿತ ನಾಯಿಗಳ ಪಥ್ಯಾಹಾರ

ಕ್ಯಾನ್ಸರ್ ಪೀಡಿತ ನಾಯಿಗಳ ಪಥ್ಯಾಹಾರ ಎಂದರೆ ಅರ್ಬುದ ರೋಗಕ್ಕೆ ತುತ್ತಾದ ನಾಯಿಯ ದೇಹತೂಕ, ಸ್ನಾಯುಬಲ ಮತ್ತು ಹಸಿವನ್ನು ಕಾಪಾಡುವ ಉದ್ದೇಶದಿಂದ ರೂಪಿಸುವ ಆಹಾರಕ್ರಮ. ಇದು ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಮೊದಲಾದ ಚಿಕಿತ್ಸೆಗಳಿಗೆ ಪೂರಕವೇ ಹೊರತು ಪರ್ಯಾಯವಲ್ಲ. ಕೇವಲ ಆಹಾರದಿಂದ ಗಡ್ಡೆ ಕರಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಹುಬ್ಬಳ್ಳಿ-ಧಾರವಾಡ ಅವಳಿ ನಗರವೂ ಸೇರಿದಂತೆ ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಸಾಕುನಾಯಿಗೆ ಮನೆಯ ಊಟವನ್ನೇ ಹಾಕುವ ರೂಢಿಯಿದೆ. ಹೀಗಾಗಿ ಆ ಊಟವನ್ನು ರೋಗಿ ನಾಯಿಗೆ ಹೊಂದಿಸುವ ಬಗೆಯು ಈ ವಿಷಯದ ಮುಖ್ಯ ಭಾಗವಾಗಿದೆ.

ಹಿನ್ನೆಲೆ

ನಾಯಿಗಳಲ್ಲಿ ಕಂಡುಬರುವ ಕ್ಯಾನ್ಸರ್‌ಗಳಲ್ಲಿ ದುಗ್ಧರಸ ಗ್ರಂಥಿಗಳ ಲಿಂಫೋಮಾ, ಚರ್ಮದ ಮಾಸ್ಟ್ ಕೋಶದ ಗಡ್ಡೆ, ಮೂಳೆಯ ಕ್ಯಾನ್ಸರ್ ಮತ್ತು ಹೆಣ್ಣುನಾಯಿಗಳ ಸ್ತನದ ಗಡ್ಡೆ ಪ್ರಮುಖವಾದವು. ಸಂತಾನಹರಣ ಚಿಕಿತ್ಸೆಯಾಗದ ಹೆಣ್ಣುನಾಯಿಗಳಲ್ಲಿ ಸ್ತನದ ಗಡ್ಡೆ ಹೆಚ್ಚು. ಭಾರತದ ಬೀದಿನಾಯಿಗಳಲ್ಲಿ ಸಂಭೋಗದ ಮೂಲಕ ಹರಡುವ ಜನನಾಂಗದ ಗಡ್ಡೆಯೂ ಸಾಮಾನ್ಯವಾಗಿದ್ದು, ಅದು ವಿನ್‌ಕ್ರಿಸ್ಟಿನ್ ಔಷಧಿಗೆ ಬಹುಪಾಲು ಗುಣವಾಗುತ್ತದೆ. ರೋಗದ ಬಗೆ, ಹಂತ ಮತ್ತು ಚಿಕಿತ್ಸೆಗೆ ತಕ್ಕಂತೆ ಆಹಾರವೂ ಬದಲಾಗುವುದರಿಂದ ಎಲ್ಲ ನಾಯಿಗಳಿಗೂ ಹೊಂದುವ ಒಂದೇ ಪಥ್ಯವಿಲ್ಲ.

ದೇಹದಲ್ಲಿ ಆಗುವ ಬದಲಾವಣೆಗಳು

ಅನೇಕ ಕ್ಯಾನ್ಸರ್ ಕೋಶಗಳು ಆಮ್ಲಜನಕ ಲಭ್ಯವಿದ್ದರೂ ಗ್ಲೂಕೋಸನ್ನು ಅಪೂರ್ಣವಾಗಿ ಒಡೆದು ಲ್ಯಾಕ್ಟೇಟ್ ಆಗಿ ಪರಿವರ್ತಿಸುತ್ತವೆ. ಇದನ್ನು 1920ರ ದಶಕದಲ್ಲಿ ಗುರುತಿಸಿದವರು ಜರ್ಮನಿಯ ವಿಜ್ಞಾನಿ ಓಟ್ಟೋ ವಾರ್‌ಬರ್ಗ್. ಈ ಲ್ಯಾಕ್ಟೇಟನ್ನು ಮರಳಿ ಗ್ಲೂಕೋಸ್ ಆಗಿಸಲು ಯಕೃತ್ತು ಶಕ್ತಿಯನ್ನು ವ್ಯಯಿಸಬೇಕಾಗುತ್ತದೆ. ರೋಗ ಮುಂದುವರಿದಾಗ ಕೊಬ್ಬಿನೊಂದಿಗೆ ಸ್ನಾಯುವೂ ಕರಗುವ ಸ್ಥಿತಿಯನ್ನು ಕ್ಯಾಕೆಕ್ಸಿಯಾ ಎಂದು ಕರೆಯಲಾಗುತ್ತದೆ. ನಾಯಿಗಳಲ್ಲಿ ಇದು ಮನುಷ್ಯರಲ್ಲಿ ಇರುವಷ್ಟು ಸಾಮಾನ್ಯವಲ್ಲ. ರೋಗ ಪತ್ತೆಯಾಗುವಾಗ ಎಷ್ಟೋ ನಾಯಿಗಳು ಅತಿತೂಕವನ್ನೇ ಹೊಂದಿರುತ್ತವೆ. ಆದರೆ ದಪ್ಪಗಿರುವ ನಾಯಿಯಲ್ಲಿಯೂ ಸ್ನಾಯು ಕ್ಷೀಣಿಸುತ್ತಿರಬಹುದು. ಆದ್ದರಿಂದ ಬೆನ್ನುಮೂಳೆ, ಭುಜ ಮತ್ತು ತೊಡೆಯ ಭಾಗವನ್ನು ಕೈಯಿಂದ ಮುಟ್ಟಿ ಪರೀಕ್ಷಿಸುವುದು ಅಗತ್ಯ.

ಸಂಶೋಧನೆ

ಗಡ್ಡೆಯು ಸಕ್ಕರೆಯನ್ನು ಬಳಸುವುದರಿಂದ ಪಿಷ್ಟವನ್ನು ಕಡಿಮೆ ಮಾಡಿ, ಕೊಬ್ಬು ಮತ್ತು ಪ್ರೋಟೀನನ್ನು ಹೆಚ್ಚಿಸಬೇಕೆಂಬ ವಾದವು ಪ್ರಚಲಿತವಾಗಿದೆ. ಈ ಕುರಿತು ಹೆಚ್ಚು ಉಲ್ಲೇಖವಾಗುವುದು ಗ್ರೆಗರಿ ಓಗಿಲ್ವಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ. ಕೀಮೋಥೆರಪಿ ಪಡೆಯುತ್ತಿದ್ದ, ಲಿಂಫೋಮಾ ಇದ್ದ 32 ನಾಯಿಗಳ ಪೈಕಿ ಒಂದು ಗುಂಪಿಗೆ ಮೀನೆಣ್ಣೆ ಮತ್ತು ಆರ್ಜಿನಿನ್ ಸೇರಿಸಿದ ಆಹಾರವನ್ನೂ ಇನ್ನೊಂದು ಗುಂಪಿಗೆ ಸೋಯಾ ಎಣ್ಣೆಯ ಆಹಾರವನ್ನೂ ನೀಡಲಾಯಿತು. ಮೂರನೆಯ ಹಂತದ ರೋಗವಿದ್ದ ನಾಯಿಗಳಲ್ಲಿ ಮೀನೆಣ್ಣೆಯ ಆಹಾರದಿಂದ ರೋಗರಹಿತ ಅವಧಿ ಮತ್ತು ಬದುಕಿನ ಅವಧಿ ಹೆಚ್ಚಿದವು. ಆದರೆ ಇದು ಸಣ್ಣ ಅಧ್ಯಯನ, ಒಂದೇ ಬಗೆಯ ಕ್ಯಾನ್ಸರ್‌ಗೆ ಸಂಬಂಧಿಸಿದ್ದು. ಎಲ್ಲ ನಾಯಿಗಳೂ ಔಷಧಿಯನ್ನು ಪಡೆಯುತ್ತಿದ್ದವು. ಅನ್ನ-ರೊಟ್ಟಿ ಬಿಡಿಸಿದರೆ ಕ್ಯಾನ್ಸರ್ ನಿಲ್ಲುತ್ತದೆ ಎಂಬ ತೀರ್ಮಾನಕ್ಕೆ ಇದು ಆಧಾರವಾಗುವುದಿಲ್ಲ.

ಆಹಾರದ ಪ್ರಮಾಣ

ವಿಶ್ರಾಂತಿಯಲ್ಲಿರುವ ನಾಯಿಗೆ ಬೇಕಾದ ಕನಿಷ್ಠ ಶಕ್ತಿಯನ್ನು, ದೇಹತೂಕದ (ಕಿಲೋಗ್ರಾಂ) 0.75ನೆಯ ಘಾತವನ್ನು 70ರಿಂದ ಗುಣಿಸಿ ಅಂದಾಜಿಸಲಾಗುತ್ತದೆ. ಇದರಂತೆ 10 ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು 390, 25 ಕಿಲೋ ತೂಕದ ನಾಯಿಗೆ ಸುಮಾರು 780 ಕಿಲೋಕ್ಯಾಲರಿ ಬೇಕು. ಓಡಾಡುವ ನಾಯಿಗೆ ಇದಕ್ಕಿಂತ ಹೆಚ್ಚು ಅಗತ್ಯ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡುವುದರಿಂದ ಊಟ ಸಾಲುತ್ತಿದೆಯೇ ಎಂಬುದು ತಿಳಿಯುತ್ತದೆ.

ಮನೆಯ ಊಟದ ಹೊಂದಾಣಿಕೆ

ಹುಬ್ಬಳ್ಳಿ-ಧಾರವಾಡ ಭಾಗದಲ್ಲಿ ನಾಯಿಗೆ ಜೋಳದ ರೊಟ್ಟಿ, ಅನ್ನ ಮತ್ತು ಹಾಲು ಹಾಕುವುದು ವಾಡಿಕೆ. ಬೆಂದ ಪಿಷ್ಟವನ್ನು ನಾಯಿಗಳು ಜೀರ್ಣಿಸಿಕೊಳ್ಳಬಲ್ಲವು. ಆದ್ದರಿಂದ ಜೋಳವಾಗಲಿ ಅಕ್ಕಿಯಾಗಲಿ ವಿಷವಲ್ಲ. ಈ ಊಟದ ಕೊರತೆಯಿರುವುದು ಪ್ರೋಟೀನಿನಲ್ಲಿ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅವಶ್ಯಕ ಅಮೈನೋ ಆಮ್ಲ ಕಡಿಮೆ. ಮಾಂಸಾಹಾರಿ ಮನೆಗಳಲ್ಲಿ ಮೂಳೆ ತೆಗೆದು ಬೇಯಿಸಿದ ಕೋಳಿಮಾಂಸ ಅಥವಾ ಮೀನು, ಶಾಕಾಹಾರಿ ಮನೆಗಳಲ್ಲಿ ಮೊಸರು ಮತ್ತು ಪನೀರ್, ಒಪ್ಪಿಗೆಯಿದ್ದರೆ ಬೇಯಿಸಿದ ಮೊಟ್ಟೆ ಈ ಕೊರತೆಯನ್ನು ತಗ್ಗಿಸುತ್ತವೆ. ಹಾಲಿನಿಂದ ಭೇದಿಯಾಗುವ ನಾಯಿಗೆ ಮೊಸರು ಸಾಮಾನ್ಯವಾಗಿ ಹಗುರ.

ಈ ಭಾಗದ ಅಗಸೆಯಲ್ಲಿ ಒಮೆಗಾ-3 ಕೊಬ್ಬು ಇದ್ದರೂ, ಅದನ್ನು ಮೀನೆಣ್ಣೆಯಲ್ಲಿರುವ ರೂಪಕ್ಕೆ ಪರಿವರ್ತಿಸುವ ಸಾಮರ್ಥ್ಯ ನಾಯಿಗಳಲ್ಲಿ ಕಡಿಮೆ. ಹಾಗಾಗಿ ಅಗಸೆಯು ಮೀನೆಣ್ಣೆಗೆ ಸಮನಲ್ಲ. ಬೆಳ್ಳುಳ್ಳಿ ಬೆರೆತ ಅಗಸೆ ಚಟ್ನಿಯನ್ನಂತೂ ಕೊಡಬಾರದು. ಮೀನೆಣ್ಣೆ ಅತಿಯಾದರೆ ಭೇದಿಯಾಗಬಹುದು, ರಕ್ತ ಹೆಪ್ಪುಗಟ್ಟುವಿಕೆಯಲ್ಲಿಯೂ ವ್ಯತ್ಯಾಸವಾಗಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರಿಗೆ ತಿಳಿಸಬೇಕು. ಬರಿಯ ಮಾಂಸ-ಅನ್ನದ ಊಟದಲ್ಲಿ ಕ್ಯಾಲ್ಸಿಯಂ ಸಾಲದು. ಪೂರಕದ ಪ್ರಮಾಣವನ್ನು ಪಶುವೈದ್ಯರೇ ನಿಗದಿಪಡಿಸಬೇಕು. ಮೂತ್ರಪಿಂಡದ ತೊಂದರೆಯಿದ್ದರೆ ಹೆಚ್ಚಿನ ಪ್ರೋಟೀನ್, ಮೇದೋಜೀರಕ ಗ್ರಂಥಿಯ ಉರಿಯೂತವಿದ್ದರೆ ಹೆಚ್ಚಿನ ಕೊಬ್ಬು ಹಾನಿಕರ.

ವರ್ಜ್ಯ ಪದಾರ್ಥಗಳು

ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ನಾಶಪಡಿಸುತ್ತವೆ. ಕ್ಯಾನ್ಸರ್‌ನಿಂದ ಈಗಾಗಲೇ ರಕ್ತಹೀನತೆಯಿರುವ ನಾಯಿಗೆ ಇವು ಇನ್ನೂ ಅಪಾಯಕಾರಿ. ಒಗ್ಗರಣೆ ಹಾಕುವ ಮೊದಲೇ ನಾಯಿಯ ಪಾಲನ್ನು ತೆಗೆದಿಡುವುದು ಸುಲಭ ಉಪಾಯ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಕ್ಸೈಲಿಟಾಲ್ ಸಿಹಿಕಾರಕ ಮತ್ತು ಬೇಯಿಸಿದ ಮೂಳೆಗಳೂ ವರ್ಜ್ಯ. ಕೀಮೋಥೆರಪಿಯಿಂದ ರೋಗನಿರೋಧಕ ಶಕ್ತಿ ಕುಂದುವುದರಿಂದ ಹಸಿಮಾಂಸ ಮತ್ತು ಹಸಿಮೊಟ್ಟೆಯಲ್ಲಿನ ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾ ತೀವ್ರ ಸೋಂಕು ತರಬಹುದು. ಅರಿಶಿನ, ಅಶ್ವಗಂಧ ಮುಂತಾದವು ನಾಯಿಗಳ ಕ್ಯಾನ್ಸರನ್ನು ಗುಣಪಡಿಸುತ್ತವೆ ಎಂಬುದು ಸಾಬೀತಾಗಿಲ್ಲ. ಅವುಗಳನ್ನು ವೈದ್ಯರಿಗೆ ತಿಳಿಸದೆ ಔಷಧಿಯೊಂದಿಗೆ ಬೆರೆಸಬಾರದು.

ಹಸಿವು ಕುಂದಿದಾಗ

ಆಹಾರವನ್ನು ಉಗುರುಬೆಚ್ಚಗೆ ಮಾಡಿದರೆ ವಾಸನೆ ಹೆಚ್ಚಿ ನಾಯಿ ತಿನ್ನುವ ಸಾಧ್ಯತೆಯಿದೆ. ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪಸ್ವಲ್ಪವಾಗಿ ಕೊಡುವುದು ಒಳ್ಳೆಯದು. ಬೇಸಿಗೆಯಲ್ಲಿ ಉಳಿದ ಊಟ ಬೇಗ ಹಳಸುವುದರಿಂದ ತಟ್ಟೆಯನ್ನು ಹಾಗೆಯೇ ಬಿಡಬಾರದು. ವಾಕರಿಕೆಯಿರುವಾಗ ಬಲವಂತವಾಗಿ ತಿನ್ನಿಸಿದರೆ ನಾಯಿಗೆ ಆ ಆಹಾರದ ಮೇಲೆಯೇ ಹೇಸಿಗೆ ಹುಟ್ಟುತ್ತದೆ. ವಾಂತಿ ತಡೆಯಲು ಮಾರೋಪಿಟಂಟ್, ಹಸಿವು ಹೆಚ್ಚಿಸಲು ಮಿರ್ಟಜಪೈನ್ ಮೊದಲಾದ ಔಷಧಿಗಳಿವೆ. ನಾಯಿ ಎರಡು ದಿನ ಏನನ್ನೂ ತಿನ್ನದಿದ್ದರೆ ಅಥವಾ ತೂಕದಲ್ಲಿ ಹತ್ತನೆಯ ಒಂದು ಭಾಗ ಇಳಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಅಗತ್ಯವಿದ್ದಲ್ಲಿ ಅನ್ನನಾಳಕ್ಕೆ ಕೊಳವೆ ಅಳವಡಿಸಿ ಆಹಾರ ನೀಡಲಾಗುತ್ತದೆ.

ವೈದ್ಯಕೀಯ ಸಲಹೆ

ಹುಬ್ಬಳ್ಳಿ-ಧಾರವಾಡದ ನೆರೆಯ ಗದಗ ಮತ್ತು ಬೆಂಗಳೂರಿನ ಹೆಬ್ಬಾಳದಲ್ಲಿ, ಬೀದರಿನಲ್ಲಿ ಕೇಂದ್ರ ಹೊಂದಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಕಾಲೇಜುಗಳಿವೆ. ವೈದ್ಯರನ್ನು ಕಾಣುವಾಗ ನಾಯಿಯ ತೂಕದ ದಾಖಲೆ, ದಿನದ ಊಟದ ವಿವರ ಮತ್ತು ಕೊಡುತ್ತಿರುವ ಎಲ್ಲ ಪೂರಕಗಳ ಪಟ್ಟಿಯನ್ನು ಒಯ್ಯುವುದು ಸೂಕ್ತ. ರೋಗವು ಗುಣವಾಗದ ಹಂತ ತಲುಪಿದಾಗ ಕಟ್ಟುನಿಟ್ಟಿನ ಪಥ್ಯಕ್ಕಿಂತ ನಾಯಿಯು ನೋವಿಲ್ಲದೆ ಇಷ್ಟಪಟ್ಟು ತಿನ್ನುವುದೇ ಮುಖ್ಯವಾಗುತ್ತದೆ.