ಆಣೆ ಬೆಲೆಯ ಪತ್ತೇದಾರಿ ಕಾದಂಬರಿಗಳು

ಸಾಹಸ ಮತ್ತು ಪತ್ತೇದಾರಿ ಕಥೆಗಳ ಹಳೆಯ ಮುದ್ರಣಗಳ ಸಂಗ್ರಹವೆಂದರೆ ಲಂಡನ್ನಿನ ಹರಾಜುಗಳೇ ನೆನಪಿಗೆ ಬರುವುದು ವಾಡಿಕೆ. ಆದರೆ ಶಿವಮೊಗ್ಗ, ಭದ್ರಾವತಿಯಂಥ ಊರುಗಳ ಓದುಗರ ಪಾಲಿಗೆ ನಿಜವಾಗಿ ದುರ್ಲಭವಾಗಿರುವುದು, ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ, ಅಂದರೆ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಅಂಗಡಿಗಳಲ್ಲಿ, ಕೈಯಿಂದ ಕೈಗೆ ದಾಟಿ ಸವೆದುಹೋದ ಕನ್ನಡದ ಅಗ್ಗದ ಕಾದಂಬರಿಗಳು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು 1952ರ ‘ಪತ್ತೇದಾರ ಪುರುಷೋತ್ತಮನ ಸಾಹಸ’ದಿಂದ ತೊಡಗಿ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು, ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ವಿಮರ್ಶಕರು ಇವನ್ನು ಸಾಹಿತ್ಯವೆಂದು ಎಣಿಸದೆ, ಓದುಗರು ಮಾತ್ರ ಬಿಡದೆ ಓದಿದ್ದರಿಂದ, ಉಳಿದ ಪ್ರತಿಗಳು ವಿರಳವಾದವು. ಷರ್ಲಾಕ್ ಹೋಮ್ಸ್‌ ಮೊದಲು ಕಾಣಿಸಿಕೊಂಡ 1887ರ ‘ಬೀಟನ್ಸ್ ಕ್ರಿಸ್‌ಮಸ್ ಆನ್ಯುಯಲ್’ ಕೂಡ ಓದಿ ಎಸೆಯುವ ಅಗ್ಗದ ವಾರ್ಷಿಕ ಸಂಚಿಕೆಯೇ ಆಗಿದ್ದು, ಇಂದು ಅದರ ಬೆರಳೆಣಿಕೆಯ ಪ್ರತಿಗಳಿಗಾಗಿ ಸಂಗ್ರಾಹಕರು ಪೈಪೋಟಿ ನಡೆಸುತ್ತಾರೆ.

ಇಂಥ ಕನ್ನಡ ಪುಸ್ತಕದ ಕಾಲನಿರ್ಣಯ ಸ್ವತಃ ಒಂದು ಪತ್ತೇದಾರಿ ಕೆಲಸ. ಶೀರ್ಷಿಕೆಪುಟದ ಹಿಂಬದಿಯಲ್ಲಿ ‘ಪ್ರಥಮ ಮುದ್ರಣ’ ಎಂಬ ಮಾತೂ ಇಸವಿಯೂ ಇದ್ದರೆ ಸರಿ. ಇಲ್ಲದಿದ್ದಲ್ಲಿ ಬೆಲೆಯನ್ನೇ ಸಾಕ್ಷಿಗೆ ಕರೆಯಬೇಕಾಗುತ್ತದೆ. ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಆದ್ದರಿಂದ ಬೆಲೆ ಆಣೆಗಳಲ್ಲಿದ್ದರೆ ಪುಸ್ತಕವು ಬಹುಮಟ್ಟಿಗೆ ಅದಕ್ಕಿಂತ ಹಿಂದಿನದು, ‘ನಯಾಪೈಸೆ’ ಎಂದಿದ್ದರೆ ಸುಮಾರಾಗಿ 1957ರಿಂದ 1964ರ ನಡುವಿನದು. ಪ್ರಕಾಶಕರ ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಮೊದಲಿನದಾಗಿರಲು ಸಾಧ್ಯವಿಲ್ಲ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನಾಮಕರಣಕ್ಕೆ ಹಿಂದಿನದೆಂದು ಊಹಿಸಬಹುದು. ಹಳೆಯ ದಾಸ್ತಾನಿಗೆ ಹೊಸ ಬೆಲೆಯ ಚೀಟಿ ಅಂಟಿಸುವ ರೂಢಿಯೂ ಇರುವುದರಿಂದ ಚೀಟಿಯ ಅಡಿಯನ್ನೂ ನೋಡುವುದೊಳ್ಳೆಯದು.

ಮೊದಲ ಮುದ್ರಣದ ಬೆಲೆಯನ್ನು ಪಾಶ್ಚಾತ್ಯ ಸಂಗ್ರಾಹಕರು ಜಾಕೆಟ್ಟಿನಿಂದ, ಎಂದರೆ ರಟ್ಟಿನ ಮೇಲಿನ ಬಿಡಿ ಹೊದಿಕೆಯಿಂದ, ಅಳೆಯುತ್ತಾರೆ. ಶಿವಮೊಗ್ಗ ಜಿಲ್ಲೆಗೆ ನೇರ ಸಂಬಂಧವಿರುವ ಒಂದು ಪುಸ್ತಕಕ್ಕೆ ಆ ಅಳತೆ ಒಪ್ಪುತ್ತದೆ: ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ 1954ರಲ್ಲಿ ಲಂಡನ್ನಿನ ಅಲೆನ್ ಅಂಡ್ ಅನ್‌ವಿನ್ ಸಂಸ್ಥೆಯ ಮೂಲಕ ಪ್ರಕಟಿಸಿದ ‘ನೈನ್ ಮ್ಯಾನ್‌ಈಟರ್ಸ್ ಅಂಡ್ ಒನ್ ರೋಗ್’ನಲ್ಲಿ ಸಾಗರ ತಾಲ್ಲೂಕಿನ ತ್ಯಾಗರ್ತಿಯ ಹುಲಿಗಳ ಕಥೆಯಿದೆ. ಆಂಡರ್ಸನ್‌ನ ಬರಹಗಳನ್ನು ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರೂ ಇದೇ ಜಿಲ್ಲೆಯ ಕುಪ್ಪಳಿಯ ಮನೆತನದವರು. ಬಾಡಿಗೆ ಕಾದಂಬರಿಗೆ ಮಾತ್ರ ಆ ಅಳತೆಯನ್ನು ಹಚ್ಚುವುದು ತಪ್ಪು. ಅಂಚು ಕತ್ತರಿಸಿ ದಪ್ಪ ರಟ್ಟು ಹಾಕಿಸಿದ, ನೇರಳೆ ಶಾಯಿಯ ಮೊಹರು ಬಿದ್ದ, ಮೊದಲ ಪುಟದಲ್ಲಿ ಹಿಂತಿರುಗಿಸಬೇಕಾದ ತಾರೀಖುಗಳ ಸಾಲಿರುವ ಪ್ರತಿಯು ದೋಷಪೂರಿತವಲ್ಲ. ಪುಸ್ತಕ ಹೇಗೆ ಓದಲ್ಪಟ್ಟಿತೆಂಬುದರ ದಾಖಲೆ ಅದೊಂದೇ. ಮೊಹರನ್ನು ಉಜ್ಜಿ ಅಳಿಸುವ ವ್ಯಾಪಾರಿಗಳು ಪುಸ್ತಕದ ಅರ್ಧ ಚರಿತ್ರೆಯನ್ನೇ ಅಳಿಸುತ್ತಾರೆ.

ಇವುಗಳ ದೊಡ್ಡ ಶತ್ರು ಕಾಗದವೇ. ಅಗ್ಗದ ಕಾಗದದಲ್ಲಿ ಲಿಗ್ನಿನ್, ಅಂದರೆ ಮರದ ನಾರುಗಳನ್ನು ಬಂಧಿಸುವ ಅಂಟುದ್ರವ್ಯ, ಉಳಿದುಕೊಂಡು ಬೆಳಕು ಗಾಳಿಗೆ ಹಳದಿಯಾಗುತ್ತದೆ. ಕಾಗದದಲ್ಲಿರುವ ಆಮ್ಲವು ಹಾಳೆಯನ್ನು ಮಡಿಸಿದಲ್ಲಿ ಮುರಿಯುವಷ್ಟು ಪೆಡಸಾಗಿಸುತ್ತದೆ. 1936ರಲ್ಲಿ ಸ್ಥಾಪನೆಯಾಗಿ 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಮೈಸೂರು ಕಾಗದ ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲೆನಾಡಿನ ಅಂಚಿನ ಮಳೆಗಾಲದ ಥಂಡಿಯಲ್ಲಿ ಬೂಷ್ಟೂ ಗೆದ್ದಲೂ ಉಳಿದ ಕೆಲಸ ಮುಗಿಸುತ್ತವೆ. ಹರಿದ ಹಾಳೆಗೆ ಸೆಲ್ಲೋಟೇಪು ಹಚ್ಚಿದರೆ ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗುವುದರಿಂದ, ಹರಿದ ಪುಸ್ತಕವನ್ನು ಹಾಗೆಯೇ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೂ ಗೋಡೆಗೂ ತಾಗದಂತೆ ಗಾಳಿಯಾಡುವ ಕಪಾಟಿನಲ್ಲಿಡುವುದೇ ಮೇಲು.

ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ರದ್ದಿಗೆ ಹಾಕುವ ಮುನ್ನ ಮನೆಯವರು ಪ್ರತಿ ಪುಸ್ತಕದ ಶೀರ್ಷಿಕೆಪುಟವನ್ನು ಒಮ್ಮೆ ಮಗುಚಿ ನೋಡಲಿ. ಬೆಲೆ ಆಣೆಗಳಲ್ಲಿದ್ದರೆ ಅದನ್ನು ತೂಕಕ್ಕೆ ಕೊಡದಿರಲಿ.